ಹಿತ್ತಿಲಲ್ಲೊಂದು ಮರದ ಡೆಕ್: ಮಳೆ, ಗೆದ್ದಲು ಎರಡನ್ನೂ ತಡೆಯುವಂತೆ ಕಟ್ಟುವ ಬಗೆ

ಮನೆ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ಖಾಲಿ ಜಾಗವಿದ್ದರೆ ಮರದ ಡೆಕ್ ಒಂದನ್ನು ಕಟ್ಟಿಕೊಳ್ಳಬಹುದು. ಸಂಜೆ ಕಾಫಿಗೆ ಕೂರಬಹುದು, ಬೇಸಿಗೆಯಲ್ಲಿ ಸಂಡಿಗೆ ಒಣಗಿಸಬಹುದು. ಹಳೇ ಮನೆಗಳ ಅಟ್ಟ ನೋಡಿದವರಿಗೆ ಇದರ ರಚನೆ ಹೊಸದೇನಲ್ಲ. ಕೆಳಗೆ ತೊಲೆ, ತೊಲೆ ಮೇಲೆ ಅಡ್ಡಡ್ಡ ಜಂತೆ, ಜಂತೆ ಮೇಲೆ ಹಲಗೆ. ಅದೇ ಅಟ್ಟವನ್ನು ಕೆಳಗಿಳಿಸಿ, ನೆಲದಿಂದ ಒಂದೂಕಾಲು ಅಡಿ ಎತ್ತರದಲ್ಲಿ ಬಯಲಿಗಿಟ್ಟರೆ ಡೆಕ್ ಆಯಿತು. ಅಟ್ಟಕ್ಕೆ ಮೇಲೆ ಮಾಡು ಇರುತ್ತದೆ, ಇದಕ್ಕಿಲ್ಲ. ಅದಕ್ಕೇ ಈ ಲೇಖನದಲ್ಲಿ ಹಲಗೆ ಹೊಡೆಯುವುದಕ್ಕಿಂತ ನೀರು ಮತ್ತು ಗೆದ್ದಲಿನ ಮಾತೇ ಜಾಸ್ತಿ.

ಯೂಟ್ಯೂಬ್‌ನಲ್ಲಿ ಡೆಕ್ ಕಟ್ಟುವ ವಿಡಿಯೋಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಅಮೆರಿಕ, ಕೆನಡಾದವು. ಅಲ್ಲಿ ಚಳಿಗಾಲಕ್ಕೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ಅಡಿಪಾಯವನ್ನೇ ಮೇಲೆತ್ತಿಬಿಡುತ್ತದೆ. ಹಾಗಾಗಿ ಮಿನೆಸೋಟದಂಥ ಕಡೆ 42 ಇಂಚು, ಅದೇ ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು ಆಳ ಅಗೆಯಬೇಕೆಂಬ ನಿಯಮವಿದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಆ ಲೆಕ್ಕದಲ್ಲೇ ಕಟ್ಟಬೇಕು. ನಮಗೆ ಅಷ್ಟು ಆಳ ಬೇಡ. ನಮ್ಮ ತಲೆನೋವು ಬೇರೆ: ಮಳೆಗಾಲ ಪೂರ್ತಿ ಒಣಗದ ಮರ, ವರ್ಷವಿಡೀ ಹತ್ತಲು ದಾರಿ ಹುಡುಕುವ ಗೆದ್ದಲು. ಇನ್ನೊಂದು ವಿಷಯ, ಅಲ್ಲಿ 2×4 ಅಂತ ಮಾರುವ ಮರಕ್ಕೆ ಟೇಪು ಹಿಡಿದರೆ 1½×3½ ಇಂಚು ಮಾತ್ರ ಇರುತ್ತದೆ. ನಮ್ಮ ಸಾಮಿಲ್‌ನಲ್ಲಿ ಹೇಳಿ ಕೊಯ್ಯಿಸಿದರೆ ಪೂರ್ತಿ 2×4 ಸಿಗುತ್ತದೆ. ಆ ಅಳತೆಗಳನ್ನು ಹಾಗೇ ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

ಜಾಗ

ಬಿಸಿಲು ಬೀಳುವ, ಗಾಳಿಯಾಡುವ ಕಡೆ ಆರಿಸಿಕೊಳ್ಳಿ. ನೆರಳಲ್ಲೇ ಇರುವ ಮೂಲೆಯಲ್ಲಿ ಕಟ್ಟಿದರೆ ಪಾಚಿ ಖಂಡಿತ. ತೆಂಗಿನಮರದ ಕೆಳಗೆ ಬೇಡವೇ ಬೇಡ. ಕಾಯಿ ಹಾಗಿರಲಿ, ಒಣಗಿದ ಗರಿ ಬಿದ್ದರೂ ಸಾಕು. ನುಗ್ಗೆಮರದ ಪಕ್ಕವೂ ಬೇಡ, ಕಂಬಳಿಹುಳದ ಕಾಲದಲ್ಲಿ ಅಲ್ಲಿ ಕೂರಲಾಗಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ಒಂದೆರಡು ಮಾರು ದೂರವಿರಲಿ. ಸೋಪಿನ ನೀರು ದಿನಾ ಸಿಡಿಯುವ ಮರ ಬೇಗ ಹಾಳಾಗುತ್ತದೆ.

ಅಗೆಯುವ ಮೊದಲು ನೆಲದಡಿ ಏನೇನಿದೆ ಅಂತ ಗುರುತು ಮಾಡಿಕೊಳ್ಳಿ. ಬಚ್ಚಲಿನ ಪೈಪು ಎಲ್ಲಿ ಹೋಗುತ್ತದೆ, ಚೇಂಬರ್ ಮುಚ್ಚಳ ಎಲ್ಲಿದೆ, ಸಂಪು, ಇಂಗುಗುಂಡಿ, ಮೋಟಾರಿನ ವೈರು. ಚೇಂಬರ್ ಡೆಕ್ ಅಡಿಗೆ ಬರುವುದು ಅನಿವಾರ್ಯವಾದರೆ, ಅದರ ಮೇಲಿನ ಹಲಗೆಗಳನ್ನು ಬೇರೆ ಚೌಕಟ್ಟಿಗೆ ಹೊಡೆದು ಎತ್ತಿ ತೆಗೆಯುವ ಮುಚ್ಚಳದಂತೆ ಮಾಡಿ. ಚೇಂಬರ್ ಕಟ್ಟಿಕೊಂಡ ದಿನ ಡೆಕ್ ಒಡೆಯುವ ಪಾಡು ಯಾರಿಗೂ ಬೇಡ, ಅಲ್ವಾ?

ಡೆಕ್ಕನ್ನು ಮನೆ ಗೋಡೆಗೆ ಬೋಲ್ಟ್ ಹಾಕಿ ಸೇರಿಸಬೇಡಿ. ವಿಡಿಯೋಗಳಲ್ಲಿ ಹಾಗೆ ಮಾಡುವುದು ಕಾಣುತ್ತದೆ. ನಮ್ಮಲ್ಲಿ ಆ ಸಂದಿಯಲ್ಲಿ ನೀರು ನಿಂತು ಗೋಡೆ ಥಂಡಿ ಹಿಡಿಯುತ್ತದೆ. ಗೆದ್ದಲಿಗೂ ಮನೆಯಿಂದ ಡೆಕ್ಕಿಗೆ, ಡೆಕ್ಕಿನಿಂದ ಮನೆಗೆ ಸೇತುವೆ ಕಟ್ಟಿಕೊಟ್ಟಂತೆ. ಗೋಡೆಯಿಂದ 2 ಇಂಚು ಬಿಟ್ಟು, ತನ್ನ ಕಾಲ ಮೇಲೆ ತಾನೇ ನಿಲ್ಲುವ ಹಾಗೆ ಕಟ್ಟಿ. ಬಾಡಿಗೆ ಮನೆಯಾದರೆ ಮುಂದೆ ಬಿಚ್ಚಿ ಒಯ್ಯುವುದಕ್ಕೂ ಇದೇ ಅನುಕೂಲ, ಓನರ್ ಒಪ್ಪಿಗೆ ಮಾತ್ರ ಮೊದಲೇ ಕೇಳಿಕೊಂಡಿರಿ.

ಎತ್ತರ ಹೀಗೆ: ತೊಲೆ ಹೊರುವ ಕಾಂಕ್ರೀಟ್ ಪೀಠ ನೆಲದ ಮೇಲೆ 6 ಇಂಚು, ತೊಲೆ 4, ಜಂತೆ 4, ಹಲಗೆ 1. ಒಟ್ಟು 15 ಇಂಚು. ಹಿತ್ತಿಲ ಬಾಗಿಲ ಹೊಸ್ತಿಲಿಗಿಂತ ಡೆಕ್ 2 ಇಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ಜೋರು ಮಳೆಯ ಎರಚಲು ಒಳಗೆ ಬರುತ್ತದೆ. ನಿಮ್ಮ ಹೊಸ್ತಿಲು ತಗ್ಗಿನಲ್ಲಿದ್ದರೆ ಪೀಠವನ್ನು ತಗ್ಗಿಸಬೇಡಿ. ತೊಲೆಗಳ ಮಧ್ಯೆಯೇ ಜಂತೆ ಕೂರಿಸಿ, ಬಡಗಿಯ ಸಹಾಯದಿಂದ ಎತ್ತರ ಇಳಿಸಿಕೊಳ್ಳಿ. ಪೀಠದ ಆ 6 ಇಂಚು ಯಾಕೆ ಮುಖ್ಯ ಅನ್ನೋದು ಮುಂದೆ ಗೊತ್ತಾಗುತ್ತದೆ.

ಮರ

ದುಡ್ಡು ಖರ್ಚಾಗುವುದೂ ಇಲ್ಲೇ, ಮೋಸ ಹೋಗುವುದೂ ಇಲ್ಲೇ.

ತೇಗ ಗೊತ್ತೇ ಇದೆ, ಬೆಲೆಯೂ ಗೊತ್ತೇ ಇದೆ. ತೊಲೆ ಜಂತೆಗೆ ಮತ್ತಿ, ಹೊನ್ನೆ, ಬೋಗಿ ಸಿಕ್ಕರೆ ತೇಗವೇ ಬೇಕೆಂದಿಲ್ಲ. ಮಲೆನಾಡು, ಕರಾವಳಿಯಲ್ಲಿ ಹಲಸು, ಹೆಬ್ಬಲಸು ಕೂಡ ಚೆನ್ನಾಗಿ ತಾಳುತ್ತವೆ. ಕೈ ಹಿಡಿದು ಖರ್ಚು ಮಾಡುವವರು ಅಕೇಶಿಯಾ ನೋಡಬಹುದು, ಆದರೆ ಸರಿಯಾಗಿ ಒಣಗಿಸದಿದ್ದರೆ ತಿರುಚಿಕೊಳ್ಳುತ್ತದೆ. ಮಾವು, ಸಿಲ್ವರ್ ಓಕ್, ರಬ್ಬರ್ ಮರ ಒಳಾಂಗಣಕ್ಕೆ ಸರಿ, ಮಳೆಗೆ ಆಗಲ್ಲ. ನೀಲಗಿರಿ ಬಿಸಿಲಿಗೆ ಸೀಳುತ್ತದೆ.

ಯಾವ ಮರವಾದರೂ ಕೆಚ್ಚು, ಅಂದರೆ ನಡುವಿನ ಗಟ್ಟಿ ಭಾಗ ಮಾತ್ರ ತಗೊಳ್ಳಿ. ಹಲಗೆಯ ತುದಿ ನೋಡಿದರೆ ನಡುವೆ ಗಾಢ ಬಣ್ಣ, ಅಂಚಿಗೆ ಬಿಳಿಚಿದ ಪಟ್ಟಿ ಕಾಣುತ್ತದಲ್ಲ, ಆ ಬಿಳಿ ಭಾಗವನ್ನು ತೇಗದಲ್ಲೂ ಗೆದ್ದಲು ಬಿಡುವುದಿಲ್ಲ. ‘ತೇಗದ ಡೆಕ್ಕಿಗೂ ಗೆದ್ದಲು ಹಿಡೀತು’ ಅನ್ನುವವರ ಹಲಗೆಯಲ್ಲಿ ಹೆಚ್ಚಾಗಿ ಹಾಳಾಗಿರುವುದು ಈ ಬಿಳಿ ಭಾಗವೇ. ಸಾಮಿಲ್‌ನಲ್ಲಿ ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಹೇಳಿದ ಜಾತಿಯ ಮರ ಹೌದೋ ಅಲ್ಲವೋ ಅನ್ನುವ ಅನುಮಾನವಿದ್ದು, ದೊಡ್ಡ ಮೊತ್ತದ ಖರೀದಿಯಾಗಿದ್ದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತು ಹಿಡಿಸಬಹುದು.

ನನಗೆ ಕೇಳಿದರೆ, ಹಳೇ ಮನೆ ಕೆಡವಿದ ಮರವನ್ನು ಮೊದಲು ಹುಡುಕಿ ಅನ್ನುತ್ತೇನೆ. ಎಷ್ಟೋ ವರ್ಷ ಮಾಡಿನಡಿ ಒಣಗಿದ ತೊಲೆ ಇನ್ನು ಬಾಗುವುದಿಲ್ಲ, ತಿರುಚುವುದಿಲ್ಲ. ಹಾಳಾಗುವುದಿದ್ದರೆ ಆಗಲೇ ಹಾಳಾಗಿರುತ್ತಿತ್ತು. ಮೊಳೆ ಮಾತ್ರ ಪೂರ್ತಿ ಕೀಳಿಸಿ, ಇಲ್ಲದಿದ್ದರೆ ಕೊಯ್ಯುವಾಗ ಗರಗಸದ ಬ್ಲೇಡ್ ಹೋಯಿತು. ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಟೊಳ್ಳು.

ಸ್ವಂತ ತೋಟದ ಮರವೇ ಇದೆ ಅನ್ನುವವರು ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಗೆ ಹೋಗಿ ಬನ್ನಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿಯಿದೆ. ಡೆಕ್ಕಿಗೆ ಆಗಿಬರದವಕ್ಕೇ ವಿನಾಯಿತಿ, ನೋಡಿ! ಸಾಮಿಲ್‌ನಿಂದ ತಂದರೆ ಬಿಲ್ ಇಟ್ಟುಕೊಳ್ಳಿ.

ಮರವನ್ನು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ. ನಮ್ಮ 10×12 ಡೆಕ್ಕಿಗೆ ಬೇಕಾಗುವುದು ಇಷ್ಟು:

ತೊಲೆ 3×4 ಇಂಚು, 12 ಅಡಿಯವು 3: ಇದು 3 ಸಿಎಫ್‌ಟಿ.
ಜಂತೆ 2×4 ಇಂಚು, 10 ಅಡಿಯವು 10: ಸುಮಾರು 5½.
ಹಲಗೆ 4×1¼ ಇಂಚು, 12 ಅಡಿಯವು 29: ಸುಮಾರು 12.
ಮುಂದೆ ಹಿಂದೆ ಅಂಚು ಮುಚ್ಚುವ ಪಟ್ಟಿ, ಅದೇ 4×1¼, 12 ಅಡಿಯವು 2: ಸುಮಾರು 1.

ಎಲ್ಲ ಸೇರಿ 21½. ಗಂಟು, ಸೀಳು, ಕತ್ತರಿಸಿದ ತುಂಡು ಅಂತ ಹೋಗುವುದಕ್ಕೆ ಹತ್ತನೇ ಒಂದು ಪಾಲು ಸೇರಿಸಿ 24 ಸಿಎಫ್‌ಟಿ ತಗೊಳ್ಳಿ. ಹಲಗೆಯನ್ನು ಒಂದೂಕಾಲು ಇಂಚಿಗೆ ಕೊಯ್ಯಿಸುವುದು ಯಾಕೆಂದರೆ, ತೋಪಡ ಹೊಡೆದು ನುಣುಪು ಮಾಡಿದ ಮೇಲೆ ಒಂದು ಇಂಚಾದರೂ ಉಳಿಯಬೇಕು. ‘ಸೈಜು ಅಂದರೆ ತೋಪಡಕ್ಕೆ ಮೊದಲೋ ಆಮೇಲೋ?’ ಅಂತ ಸಾಮಿಲ್‌ನಲ್ಲಿ ಬಾಯಿಬಿಟ್ಟು ಕೇಳಿ. 12 ಅಡಿ ಹಲಗೆ ಸಿಗದಿದ್ದರೆ ತುಂಡು ಸೇರಿಸಬಹುದು, ಅದರ ದಾರಿ ಮುಂದೆ ಹೇಳುತ್ತೇನೆ.

ಹಸಿ ಮರವಾದರೆ ಒಣಗಿಸಬೇಕು. ನೆರಳಲ್ಲಿ, ನೆಲದಿಂದ ಎತ್ತರಕ್ಕೆ, ಪ್ರತಿ ಹಲಗೆಯ ಮಧ್ಯೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು ಪೇರಿಸಿ, ಮೇಲೆ ಭಾರ ಹೇರಿ. ಪಟ್ಟಿಗಳು ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲದಿದ್ದರೆ ಪೇರಿಸಿದ ಜಾಗದಲ್ಲೇ ಹಲಗೆ ಬಾಗುತ್ತದೆ. ತುದಿಗಳಿಗೆ ಹಳೇ ಪೇಂಟ್ ಬಳಿಯಿರಿ, ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ. ದೀಪಾವಳಿ ಹೊತ್ತಿಗೆ ಮರ ತಂದಿಟ್ಟು, ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಕೈ ಹಾಕಿದರೆ ಸರಿಹೋಗುತ್ತದೆ. ಮಾರ್ಚ್ ಕೊನೆಗೆ ಮುಗಿಸಿದರೆ ಮಳೆಗೆ ಮೊದಲು ಎಣ್ಣೆ ಕುಡಿಸಲೂ ಸಮಯ ಸಿಗುತ್ತದೆ.

ಗುರುತು, ಗುಂಡಿ, ಕಾಂಕ್ರೀಟ್

ನಾಲ್ಕು ಮೂಲೆಗೆ ಗೂಟ ಹೊಡೆದು 10×12 ಅಡಿಗೆ ದಾರ ಕಟ್ಟಿ. ಮೂಲೆ ನೇರವಿದೆಯೇ ಅಂತ ನೋಡಲು ಗಾರೆಯವರ ಹಳೇ ಲೆಕ್ಕ ಸಾಕು: ಒಂದು ದಾರದಲ್ಲಿ 6 ಅಡಿ, ಇನ್ನೊಂದರಲ್ಲಿ 8 ಅಡಿ ಗುರುತು ಮಾಡಿದರೆ ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬರಬೇಕು. ಕೊನೆಗೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ 15 ಅಡಿ 7½ ಇಂಚಿನ ಆಸುಪಾಸು, ಮುಖ್ಯವಾಗಿ ಒಂದೇ ಸಮ ಇರಬೇಕು. ಇಲ್ಲಿ ಅರ್ಧ ಇಂಚು ತಪ್ಪಿದರೆ ಕೊನೆಯ ಹಲಗೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಪೂರ ಆಗುತ್ತದೆ.

ತೊಲೆಗಳು 12 ಅಡಿ ಉದ್ದಕ್ಕೆ ಮಲಗುತ್ತವೆ. ಮನೆ ಕಡೆಯ ದಾರದಿಂದ 1, 5, 9 ಅಡಿಗೆ ಒಂದೊಂದು ತೊಲೆ. ಪ್ರತಿ ತೊಲೆಯಡಿ ನಾಲ್ಕು ಪೀಠ: ಒಂದು ತುದಿಯಿಂದ 6 ಇಂಚಿಗೆ, 4 ಅಡಿ 2 ಇಂಚಿಗೆ, 7 ಅಡಿ 10 ಇಂಚಿಗೆ, 11 ಅಡಿ 6 ಇಂಚಿಗೆ. ಒಟ್ಟು 12 ಗುಂಡಿ.

ಕೆಂಪು ಮಣ್ಣು, ಗಟ್ಟಿ ಮುರಕಲ್ಲಿನ ನೆಲವಾದರೆ ಗುಂಡಿ ಒಂದು ಅಡಿ ಚೌಕ, ಒಂದೂವರೆ ಅಡಿ ಆಳ ಸಾಕು. ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಾದರೆ ಇಷ್ಟಕ್ಕೇ ಬಿಡಬೇಡಿ. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಜೊತೆ ಪೀಠವೂ ಏರಿ ಇಳಿಯುತ್ತದೆ. ಅಲ್ಲಿ 3 ಅಡಿ ಅಗೆದು, ಅರ್ಧದವರೆಗೆ ಗರಸು ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ (ಬಡಿದು ಗಟ್ಟಿ ಮಾಡಿ), ಆಮೇಲೆ ಕಾಂಕ್ರೀಟ್ ಹಾಕಿ. ಹೊಸದಾಗಿ ಮಣ್ಣು ತುಂಬಿಸಿದ ಸೈಟಿನಲ್ಲಾದರೆ ಗಟ್ಟಿ ನೆಲ ಸಿಗುವವರೆಗೂ ಅಗೆಯಬೇಕು, ಬೇರೆ ದಾರಿಯಿಲ್ಲ.

ಗುಂಡಿಯ ತಳಕ್ಕೆ 4 ಇಂಚು ಜಲ್ಲಿ ಹಾಕಿ ದಮ್ಮಸ್ಸು ಮಾಡಿ. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು 20 ಎಂಎಂ ಜಲ್ಲಿ. 12 ಪೀಠಕ್ಕೆ ಸುಮಾರು ಮೂರು ಮೂಟೆ ಸಿಮೆಂಟ್ ಹಿಡಿಯುತ್ತದೆ. ನೀರು ಜಾಸ್ತಿ ಸುರಿಯಬೇಡಿ. ಕಲಸಲು ಸುಲಭ ಆಗುತ್ತದೆ ನಿಜ, ಆದರೆ ಗಟ್ಟಿತನ ಹೋಗುತ್ತದೆ. ನೆಲದ ಮೇಲಿನ 6 ಇಂಚಿಗೆ 8 ಇಂಚು ಚೌಕದ ಮರದ ಪೆಟ್ಟಿಗೆ ಮಾಡಿಕೊಂಡು ತುಂಬಿ.

12 ಪೀಠದ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಇದಕ್ಕೆ ನೀರು ತುಂಬಿದ ಪಾರದರ್ಶಕ ಪೈಪನ್ನು ಮೀರಿಸುವ ಸಾಧನವಿಲ್ಲ. ಒಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ. ಒಬ್ಬರು ಮೊದಲ ಪೀಠದ ಹತ್ತಿರ ಹಿಡಿದರೆ ಇನ್ನೊಬ್ಬರು ಉಳಿದ ಹನ್ನೊಂದರ ಗುರುತು ಹಾಕುತ್ತಾ ಹೋಗಬಹುದು. ಡೆಕ್ಕಿಗೆ ಇಳಿಜಾರು ಬೇಡ, ಹಲಗೆಯ ಸಂದಿಯಲ್ಲೇ ನೀರು ಇಳಿಯುತ್ತದೆ. ಇಳಿಜಾರು ಬೇಕಾಗಿರುವುದು ಡೆಕ್ ಅಡಿಯ ನೆಲಕ್ಕೆ.

ಕಾಂಕ್ರೀಟ್ ಹಸಿಯಿರುವಾಗಲೇ ತೊಲೆ ಹಿಡಿಯುವ ‘ಯು’ ಆಕಾರದ ಕ್ಲ್ಯಾಂಪ್ ಹೂತುಬಿಡಿ. ವೆಲ್ಡಿಂಗ್ ಅಂಗಡಿಯಲ್ಲಿ 5 ಎಂಎಂ ಪಟ್ಟಿಯಿಂದ ಮಾಡಿಕೊಡುತ್ತಾರೆ. ಒಳ ಅಗಲ 3 ಇಂಚಿಗಿಂತ ಒಂದೆರಡು ಎಂಎಂ ಜಾಸ್ತಿ ಇರಲಿ. ಎರಡೂ ಪಕ್ಕ ಬೋಲ್ಟಿಗೆ ತೂತು ಹಾಕಿಸಿ. ಸತುವಿನ ಲೇಪ (ಗ್ಯಾಲ್ವನೈಸಿಂಗ್) ಮಾಡಿಸಿದರೆ ಒಳ್ಳೆಯದು, ಇಲ್ಲವೇ ರೆಡ್ ಆಕ್ಸೈಡ್ ಮೇಲೆ ಪೇಂಟ್. ದಾರ ಕಟ್ಟಿ ಒಂದು ಸಾಲಿನ ನಾಲ್ಕೂ ಕ್ಲ್ಯಾಂಪ್ ನೇರ ಇವೆಯೇ ಅಂತ ಕಾಂಕ್ರೀಟ್ ಬಿಗಿಯುವ ಮೊದಲೇ ನೋಡಿ. ಬಿಗಿದ ಮೇಲೆ ಅದು ಅಲ್ಲಾಡಲ್ಲ.

ಏಳು ದಿನ ಪೀಠಗಳ ಮೇಲೆ ಗೋಣಿಚೀಲ ಹೊದಿಸಿ ನೀರು ಹಾಕಿ.

ಗೆದ್ದಲು ಮತ್ತು ಡೆಕ್ಕಿನ ಹೊಟ್ಟೆ

ಪೀಠ ನೆಲದಿಂದ 6 ಇಂಚು ಮೇಲಿರಬೇಕು ಅಂದೆನಲ್ಲ, ಅದರ ಕಾರಣ ಇಲ್ಲಿದೆ. ಗೆದ್ದಲು ಕಾಂಕ್ರೀಟನ್ನು ತಿನ್ನುವುದಿಲ್ಲ, ಅದರ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುತ್ತದೆ. ಬರಿ ಕಾಂಕ್ರೀಟ್ 6 ಇಂಚು ಕಾಣುತ್ತಿದ್ದರೆ ಆ ಕೊಳವೆ ನಿಮ್ಮ ಕಣ್ಣಿಗೆ ಬೀಳುತ್ತದೆ. ಪೆನ್ಸಿಲ್ ದಪ್ಪದ ಕೆಂಪು ಗೆರೆ ಕಂಡರೆ ಕೆರೆದು ಹಾಕಿ. ಮರ ನೇರ ಮಣ್ಣಿಗೇ ತಾಗಿದ್ದರೆ ಒಳಗೊಳಗೇ ತಿಂದು ಮುಗಿಸುವವರೆಗೂ ಗೊತ್ತಾಗಲ್ಲ. ಕಂಬವನ್ನೇ ಮಣ್ಣಿನಲ್ಲಿ ಹೂಳುವುದು ನಮ್ಮ ಹವೆಗೆ ಸಲ್ಲದ ಕೆಲಸ.

ಪ್ರತಿ ಪೀಠದ ತಲೆಗೆ, ತೊಲೆಯಡಿ, ತೆಳ್ಳಗಿನ ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನ ತುಂಡನ್ನು ಸುತ್ತ ಒಂದೆರಡು ಇಂಚು ಹೊರಚಾಚಿ ಕೆಳಕ್ಕೆ ಬಾಗಿಸಿ ಇಟ್ಟರೆ ಗೆದ್ದಲಿಗೆ ಇನ್ನೊಂದು ಅಡ್ಡಿ. ಕ್ಲ್ಯಾಂಪಿನ ಎರಡು ತೋಳು ದಾಟುವಷ್ಟು ಸೀಳು ಕತ್ತರಿಸಿಕೊಳ್ಳಬೇಕು. ಅದರ ಮೇಲೆ ಟಾರ್ ಶೀಟಿನ ಚೂರು, ಆಮೇಲೆ ತೊಲೆ. ಕಾಂಕ್ರೀಟ್ ಹೀರಿದ ನೀರು ಮರಕ್ಕೆ ಹೋಗಬಾರದು ಅಂತ ಈ ಟಾರ್ ಶೀಟು.

ಮಣ್ಣಿಗೆ ಔಷಧಿ ಹೊಡೆಸಬೇಕೇ? ಮನೆಗೆ ಗೆದ್ದಲಿನ ಕಾಟ ಮೊದಲಿನಿಂದ ಇದ್ದರೆ ಪೆಸ್ಟ್ ಕಂಟ್ರೋಲ್‌ನವರಿಂದ ಹೊಡೆಸಿ, ನೀವೇ ಕಲಸಲು ಹೋಗಬೇಡಿ. ಬಾವಿ, ತರಕಾರಿ ಮಡಿ ಹತ್ತಿರವಿದ್ದರೆ ಬೇಡ. ಹಳೇ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಹಲವು ಕಡೆ ಇದೆ. ಅದು ಮಳೆಗೆ ತೊಳೆದು ಮಣ್ಣಿಗೇ ಸೇರುತ್ತದೆ. ಮೇಲೆ ಕೂತವರ ಬಟ್ಟೆಗೂ ಹತ್ತುತ್ತದೆ.

ಕರಾವಳಿಯವರ ಹತ್ತಿರ ಇದಕ್ಕಿಂತ ಒಳ್ಳೆಯದೊಂದಿದೆ: ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ. ದೋಣಿಗೂ ಮಾಡಿನ ಮರಕ್ಕೂ ಹಿಂದಿನಿಂದ ಬಳಿಯುತ್ತಾ ಬಂದಿದ್ದಾರೆ. ತೊಲೆ, ಜಂತೆಗಳಿಗೆ ಎಲ್ಲ ಮೈಗೂ ಎರಡು ಸಲ ಬಳಿಯಿರಿ. ತುದಿಗಳಿಗೆ ಮೂರು ಸಲ, ಏಕೆಂದರೆ ಮರ ನೀರು ಕುಡಿಯುವುದೇ ತುದಿಯಿಂದ. ಕಪ್ಪಗಾಗುತ್ತದೆ, ಒಣಗಲು ಸಮಯ ಹಿಡಿಯುತ್ತದೆ, ಹಾಗಾಗಿ ಮೇಲಿನ ಹಲಗೆಗೆ ಬೇಡ. ಕೈಗವಸು ಹಾಕದೆ ಮುಟ್ಟಬೇಡಿ. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗೇರೆಣ್ಣೆ ಸಿಗದ ಊರಲ್ಲಿ ಪೇಂಟ್ ಅಂಗಡಿಯ ವುಡ್ ಪ್ರಿಸರ್ವೇಟಿವ್ ಸಾಕು.

ಇನ್ನು ಡೆಕ್ ಅಡಿಯ ನೆಲ. ಹುಲ್ಲು ಬೇರು ಸಮೇತ ಕೆರೆದು, ಮನೆಯಿಂದ ಹೊರಕ್ಕೆ 4 ಅಡಿಗೆ ಒಂದು ಇಂಚಿನಂತೆ ಇಳಿಜಾರು ಮಾಡಿ. ನೀರು ಇಳಿಯುವಂಥ ನೇಯ್ದ ಕಳೆಚಾಪೆ ಹಾಸಿ, ಮೇಲೆ 2 ಇಂಚು ಜಲ್ಲಿ ಹರಡಿ. ಪ್ಲಾಸ್ಟಿಕ್ ಶೀಟ್ ಹಾಕಿದರೆ ನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ. ಈ ಕೆಲಸ ತೊಲೆ ಕೂರಿಸುವ ಮೊದಲೇ ಆಗಲಿ. ಆಮೇಲೆ ಆ ಸಂದಿಯಲ್ಲಿ ನುಸುಳಿ ಮಾಡುವುದು ಸುಮ್ನೆ ಸೊಂಟನೋವು.

ಮನೆಯವರೆಲ್ಲ ಮೊದಲು ಕೇಳುವ ಪ್ರಶ್ನೆ, ಅಡಿಗೆ ಹಾವು ಸೇರಿಕೊಂಡರೆ? ಸರಿಯಾದ ಪ್ರಶ್ನೆಯೇ. ಕತ್ತಲೆ, ತಂಪು, ಮೇಲಿಂದ ಬೀಳುವ ತಿಂಡಿ ಚೂರು, ಅದಕ್ಕೆ ಇಲಿ, ಇಲಿಗೆ ಹಾವು. ಸುತ್ತಲೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಕಟ್ಟಿ, ಕೆಳಗಿನ 6 ಇಂಚು ಮಣ್ಣಿನಲ್ಲಿ ಹೂಳಿ. ಒಂದು ಬದಿಯ ಮೆಶ್ ಮಾತ್ರ ಕೊಕ್ಕೆ ಹಾಕಿ ತೆಗೆಯುವಂತಿರಲಿ. ಗೆದ್ದಲು ನೋಡಲು, ಕಸ ಗುಡಿಸಲು ಅದು ಬೇಕು. ಮರದ ಪಟ್ಟಿ ಹೊಡೆದು ಪೂರ್ತಿ ಮುಚ್ಚುವುದು ಚೆಂದ ಕಾಣಬಹುದು, ಆದರೆ ಗಾಳಿ ನಿಂತು ಜಂತೆ ಬೂಸ್ಟು ಹಿಡಿಯುತ್ತದೆ.

ತೊಲೆ, ಜಂತೆ

ಮೂರೂ ತೊಲೆಗಳನ್ನು 11 ಅಡಿ 8 ಇಂಚಿಗೆ ಕತ್ತರಿಸಿ, ಕ್ಲ್ಯಾಂಪಿನಲ್ಲಿ ಕೂರಿಸಿ ಬೋಲ್ಟ್ ಹಾಕಿ. ಎಲ್ಲಾದರೂ ಒಂದೆರಡು ಎಂಎಂ ತಗ್ಗಿದ್ದರೆ ಜಿಐ ಶೀಟಿನ ಚೂರು ತುರುಕಿ, ಮರದ ಬೆಣೆ ಬೇಡ.

ಜಂತೆಗಳು ಇದಕ್ಕೆ ಅಡ್ಡಲಾಗಿ, 10 ಅಡಿ ಅಗಲಕ್ಕೆ. ಕೊನೆಯ ಎರಡು ಜಂತೆಗಳ ಹೊರಮೈಯಿಂದ ಹೊರಮೈಗೆ 11 ಅಡಿ 10 ಇಂಚು ಇಟ್ಟರೆ 12 ಅಡಿ ಹಲಗೆ ಎರಡೂ ಕಡೆ ಒಂದೊಂದು ಇಂಚು ಹೊರಚಾಚುತ್ತದೆ. ಅದರೊಳಗೆ 10 ಜಂತೆ ಸಮನಾಗಿ ಹಂಚಿದರೆ ಮಧ್ಯದಿಂದ ಮಧ್ಯಕ್ಕೆ ಸುಮಾರು 15½ ಇಂಚು ಬರುತ್ತದೆ. ಪ್ರತಿ ಸಲ ಪಕ್ಕದ ಜಂತೆಯಿಂದ ಅಳೆಯುತ್ತಾ ಹೋಗಬೇಡಿ. ಸಣ್ಣ ತಪ್ಪು ಕೂಡುತ್ತಾ ಕೂಡುತ್ತಾ ಕೊನೆಗೆ ಒಂದು ಇಂಚಾಗುತ್ತದೆ. ಟೇಪನ್ನು ಒಂದೇ ತುದಿಯಲ್ಲಿ ಹಿಡಿದು ಎಲ್ಲ ಗುರುತನ್ನೂ ಒಟ್ಟಿಗೆ ಹಾಕಿ.

ಮರಕ್ಕೆ ಸ್ವಲ್ಪ ಬಾಗು ಇದ್ದೇ ಇರುತ್ತದೆ. ಜಂತೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೂ ನೋಡಿ, ಉಬ್ಬು ಮೇಲೆ ಬರುವಂತೆ ಇಡಿ. ಜನ ಓಡಾಡಿದಂತೆ ಅದು ಕೂರುತ್ತದೆ. ಜಂತೆ ತೊಲೆ ಸೇರುವ ಕಡೆಯೆಲ್ಲ ಎಲ್ ಆಕಾರದ ಜಿಐ ಕ್ಲೀಟ್ ಇಟ್ಟು ಸ್ಕ್ರೂ ಹಾಕಿ. ಜಂತೆಗಳು ಪಕ್ಕಕ್ಕೆ ವಾಲದಂತೆ ನಡುವಿನ ತೊಲೆಯ ನೇರಕ್ಕೆ ತುಂಡು ಮರಗಳನ್ನು ಬಿಗಿಯಾಗಿ ಕೂರಿಸಿ. ಆಮೇಲೆ ಮುಂದೆ, ಹಿಂದೆ ಜಂತೆಯ ತುದಿಗಳಿಗೆ ಅಂಚುಪಟ್ಟಿ.

ಪ್ರತಿ ಜಂತೆಯ ನೆತ್ತಿಗೆ ಉದ್ದಕ್ಕೂ ಟಾರ್ ಶೀಟಿನ ಪಟ್ಟಿ ಅಂಟಿಸಿ. ಇದನ್ನು ಬಿಡುವವರೇ ಜಾಸ್ತಿ. ಹಲಗೆ ಮತ್ತು ಜಂತೆಯ ನಡುವೆ ನುಸುಳಿದ ನೀರು ಬೇಗ ಆರುವುದಿಲ್ಲ, ಸ್ಕ್ರೂ ತೂತಿನಿಂದ ಒಳಗಿಳಿಯುತ್ತದೆ. ಡೆಕ್ ಕೊಳೆಯಲು ಶುರುವಾಗುವುದು ಅಲ್ಲಿಂದಲೇ.

ಹಲಗೆ

ಮೊಳೆ ಬೇಡ. ಮರ ಹಿಗ್ಗಿ ಕುಗ್ಗಿದಂತೆ ಮೊಳೆ ಮೇಲೆದ್ದು ಬರಿಗಾಲಿಗೆ ಚುಚ್ಚುತ್ತದೆ. 2½ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ ತನ್ನಿ, 304 ಗ್ರೇಡ್ ಸಾಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ಹತ್ತಿರವಿದ್ದರೆ 316. ಪ್ರತಿ ಹಲಗೆ ಪ್ರತಿ ಜಂತೆಯನ್ನು ದಾಟುವಲ್ಲಿ ಎರಡು ಸ್ಕ್ರೂ. 29 ಹಲಗೆ, 10 ಜಂತೆ, ಅಂದರೆ 580. 650 ತಂದುಬಿಡಿ. ಕಪ್ಪು ಡ್ರೈವಾಲ್ ಸ್ಕ್ರೂ ಅಗ್ಗ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಮಳೆಗೆ ತುಕ್ಕು ಹಿಡಿದು ತಲೆ ಮುರಿಯುತ್ತದೆ.

ಮನೆಯಿಂದ ದೂರದ ಬದಿಯಿಂದ ಶುರುಮಾಡಿ. ಮೊದಲ ಹಲಗೆ ಅಂಚುಪಟ್ಟಿಗಿಂತ ಅರ್ಧ ಇಂಚು ಹೊರಚಾಚಲಿ, ದಾರ ಕಟ್ಟಿ ನೇರ ನೋಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಒಣಗಿದ ಮರವನ್ನು ಬೇಸಿಗೆಯಲ್ಲಿ ಹೊಡೆಯುವುದಾದರೆ ಹಲಗೆ ಹಲಗೆಯ ನಡುವೆ 6 ಎಂಎಂ ಸಂದಿ ಬಿಡಿ, ಮಳೆಗೆ ಹಿಗ್ಗಲು ಜಾಗ ಬೇಕು. 6 ಎಂಎಂ ಪ್ಲೈವುಡ್ಡಿನ ನಾಲ್ಕು ತುಂಡು ಇಟ್ಟುಕೊಂಡರೆ ಸಂದಿ ಎಲ್ಲ ಕಡೆ ಸಮ ಬರುತ್ತದೆ. ಮರ ಇನ್ನೂ ಸ್ವಲ್ಪ ಹಸಿಯಿದ್ದರೆ 3 ಎಂಎಂ ಸಾಕು, ಒಣಗಿದಂತೆ ಸಂದಿ ತಾನೇ ದೊಡ್ಡದಾಗುತ್ತದೆ, ಹಲಗೆ ಒಂದೋ ಎರಡೋ ಜಾಸ್ತಿ ಬೇಕಾದೀತು. 4 ಇಂಚಿನ 29 ಹಲಗೆ, ನಡುವೆ 28 ಸಂದಿ ಸೇರಿ ಸುಮಾರು 123 ಇಂಚು ಆಗುತ್ತದೆ. 120 ಇಂಚಿನ ಜಂತೆಗೆ ಎರಡೂ ಕಡೆಯ ಅಂಚುಪಟ್ಟಿ ಸೇರಿದರೆ 122. ಲೆಕ್ಕ ಕೂತಿತಲ್ಲ.

ಗಟ್ಟಿ ಮರಕ್ಕೆ ನೇರ ಸ್ಕ್ರೂ ಹೊಡೆದರೆ ಹಲಗೆ ಸೀಳುತ್ತದೆ, ಇಲ್ಲವೇ ಸ್ಕ್ರೂ ಮುರಿಯುತ್ತದೆ. ಮೊದಲು 3 ಎಂಎಂ ಬಿಟ್‌ನಲ್ಲಿ ತೂತು, ತಲೆ ಕೂರಲು ಕೌಂಟರ್‌ಸಿಂಕ್, ಆಮೇಲೆ ಸ್ಕ್ರೂ. ಅಂಚಿನಿಂದ ಮುಕ್ಕಾಲು ಇಂಚು ಒಳಗಿರಲಿ. ತಲೆ ಹಲಗೆಯ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಜಾಸ್ತಿ ಇಳಿಸಿದರೆ ಅಲ್ಲೊಂದು ಗುಳಿಯಾಗಿ ನೀರು ನಿಲ್ಲುತ್ತದೆ. ಸೊಟ್ಟಗಿರುವ ಹಲಗೆಯನ್ನು ಒಂದು ತುದಿಯಿಂದ ಬಿಗಿಯುತ್ತಾ ಬನ್ನಿ. ಸೊಟ್ಟ ಇರುವಲ್ಲಿ ಜಂತೆಗೆ ಉಳಿ ಚುಚ್ಚಿ ಹಲಗೆಯನ್ನು ಮೀಟಿ ಒತ್ತಿಹಿಡಿದರೆ ಇನ್ನೊಬ್ಬರು ಸ್ಕ್ರೂ ಹಾಕಬಹುದು. ಯಾವ ಮುಖ ಮೇಲಿರಬೇಕು, ತೊಗಟೆ ಕಡೆಯದೋ ತಿರುಳಿನ ಕಡೆಯದೋ ಅಂತ ಬಡಗಿಗಳಲ್ಲೇ ವಾದವಿದೆ. ಗಂಟು, ಸೀಳು ಕಡಿಮೆ ಇರುವ ಮುಖ ಮೇಲೆ ಬರಲಿ, ಸಾಕು.

ತುಂಡು ಹಲಗೆ ಸೇರಿಸುವುದಾದರೆ ಸೇರುವ ಜಾಗ ಜಂತೆಯ ಮೇಲೇ ಬರಬೇಕು. ಅಲ್ಲಿ ಜೋಡಿ ಜಂತೆ ಹಾಕಿ, ಎರಡು ತುದಿಗೂ ತನ್ನದೇ ಜಂತೆ ಸಿಗಲಿ. ಒಂದೇ ಜಂತೆಯ ಎರಡು ಇಂಚಿನಲ್ಲಿ ನಾಲ್ಕು ಸ್ಕ್ರೂ ತುರುಕಿದರೆ ತುದಿ ಸೀಳದೆ ಇರದು. ಪಕ್ಕಪಕ್ಕದ ಸಾಲುಗಳ ಜೋಡಣೆ ಒಂದೇ ಗೆರೆಯಲ್ಲಿ ಬರದಂತೆ ನೋಡಿಕೊಳ್ಳಿ.

ಐದಾರು ಹಲಗೆಗೊಮ್ಮೆ ಉಳಿದ ಜಾಗವನ್ನು ಎರಡೂ ತುದಿಯಲ್ಲಿ ಅಳೆಯಿರಿ. ವ್ಯತ್ಯಾಸ ಕಂಡರೆ ಮುಂದಿನ ನಾಲ್ಕು ಸಂದಿಗಳಲ್ಲಿ ಸ್ವಲ್ಪ ಸ್ವಲ್ಪ ಹಂಚಿ ಸರಿಮಾಡಿ. ಎಲ್ಲ ಮುಗಿದ ಮೇಲೆ ಬಣ್ಣದ ದಾರ ಬಿಗಿಹಿಡಿದು ಮೀಟಿ ಗೆರೆ ಹೊಡೆದು, ಎರಡೂ ಬದಿಯ ತುದಿಗಳನ್ನು ಒಂದೇ ಸಲಕ್ಕೆ ಕತ್ತರಿಸಿ. ಕತ್ತರಿಸಿದ ತುದಿಗೆ ಕೂಡಲೇ ಎಣ್ಣೆ ಹಚ್ಚಿ. ಹಸಿರು ಛಾಯೆಯ ಔಷಧಿ ಹಾಕಿದ ಪೈನ್ ಮರ ಬಳಸಿದವರು ಕೊಯ್ಯುವಾಗ ಮಾಸ್ಕ್ ಹಾಕಿ. ಚೂರುಗಳನ್ನು ಬಚ್ಚಲೊಲೆಗೆ ಹಾಕಲೇಬೇಡಿ. ಅಂಥ ಕೆಲವು ಔಷಧಿಗಳಲ್ಲಿ ಆರ್ಸೆನಿಕ್ ಇರುತ್ತದೆ.

15 ಇಂಚು ಹತ್ತಲು ನಡುವೆ 7½ ಇಂಚಿನ ಒಂದು ಮೆಟ್ಟಿಲು ಸಾಕು. ಮರದ್ದು ಮಾಡುವ ಬದಲು ಕಲ್ಲಿನದೇ ಕೂರಿಸಿ. ನೆಲಕ್ಕೆ ತಾಗುವ ಮೆಟ್ಟಿಲೇ ಮೊದಲು ಕೊಳೆಯುವುದು. ಈ ಎತ್ತರಕ್ಕೆ ಕಟಕಟೆ ಬೇಕೆಂದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ.

ಎಣ್ಣೆ, ಆಮೇಲಿನ ಆರೈಕೆ

ವಾರ್ನಿಷ್ ಬೇಡ. ಬಿಸಿಲಿಗೆ ಬಿರಿದು ಸಿಪ್ಪೆಯೇಳುತ್ತದೆ. ಆ ಸಿಪ್ಪೆಯಡಿ ನೀರು ಸೇರಿ ಹಲಗೆ ಕಪ್ಪಾಗುತ್ತದೆ, ಮತ್ತೆ ಹಚ್ಚಲು ಪೂರ್ತಿ ಉಜ್ಜಿ ತೆಗೆಯಬೇಕು. ಮರದೊಳಗೆ ಇಳಿಯುವ ಡೆಕ್ ಆಯಿಲ್ ಅಥವಾ ಬಾಯ್ಲ್ಡ್ ಅಗಸೆ ಎಣ್ಣೆ ಹಚ್ಚಿ. ಬಟ್ಟೆಯಲ್ಲಿ ಉಜ್ಜಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಒರೆಸದಿದ್ದರೆ ಅಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯೇರಿ ತನ್ನಷ್ಟಕ್ಕೇ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಬಿಡಿಸಿ ಹರವಿ.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಏಪ್ರಿಲ್ ಅಥವಾ ಮೇನಲ್ಲಿ ಎಣ್ಣೆ ಹಚ್ಚಿದರೆ ಸಾಕು. ಹಲಗೆ ಮೇಲೆ ಹನಿ ನೀರು ಹಾಕಿ ನೋಡಿ. ಮಣಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ. ಹರಡಿ ಇಂಗಿದರೆ ಹಚ್ಚುವ ಕಾಲ ಬಂದಿದೆ. ಎಣ್ಣೆ ಬೇಡ, ಬೂದು ಬಣ್ಣಕ್ಕೆ ತಿರುಗಿದರೂ ಅಡ್ಡಿಯಿಲ್ಲ ಅನ್ನುವವರು ತೇಗದ ಹಲಗೆಯನ್ನು ಹಾಗೇ ಬಿಡಬಹುದು.

ಪಾಚಿಗೆ ತೆಂಗಿನ ನಾರಿನ ಬ್ರಷ್ ಮತ್ತು ನೀರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗುಡಿಸಿ. ಸಂದಿಯಲ್ಲಿ ಎಲೆ ಕೂತರೆ ಹಳೇ ಚಾಕುವಿನ ತುದಿಯಿಂದ ಕೆರೆಯಿರಿ. ಸಂದಿ ಕಟ್ಟಿಕೊಂಡರೆ ನೀರು ಇಳಿಯಲ್ಲ. ಕಾರು ತೊಳೆಯುವ ಪ್ರೆಷರ್ ಪಂಪನ್ನು ಹತ್ತಿರ ಹಿಡಿದರೆ ಮರದ ನಾರೇ ಎದ್ದುಬರುತ್ತದೆ. ಹೂಕುಂಡಗಳನ್ನು ನೇರ ಹಲಗೆ ಮೇಲೆ ಇಡಬೇಡಿ, ಕಾಲಿರುವ ಸ್ಟ್ಯಾಂಡ್ ಮೇಲಿಡಿ. ಕುಂಡದಡಿಯ ಒದ್ದೆ ವೃತ್ತ ಒಂದೆರಡು ಮಳೆಗಾಲದಲ್ಲಿ ಕೊಳೆತ ವೃತ್ತವಾಗುತ್ತದೆ.

ಮೊದಲ ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಬೋಲ್ಟ್ ಸ್ಕ್ರೂಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿ. ಅದೇ ಹೊತ್ತಿಗೆ ಮೆಶ್ ತೆಗೆದು, ಟಾರ್ಚ್ ಹಿಡಿದು 12 ಪೀಠಗಳನ್ನೂ ನೋಡಿ. ಜಂತೆಯ ತುದಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಒಳಹೋದರೆ ಕೊಳೆತ ಶುರುವಾಗಿದೆ ಅಂತ. ಹಾಳಾದ ಹಲಗೆ ಸಿಕ್ಕರೆ 20 ಸ್ಕ್ರೂ ಬಿಚ್ಚಿ ಹೊಸದು ಕೂರಿಸಬಹುದು. ಅದಕ್ಕಾಗಿಯೇ ಮಿಕ್ಕ ಎರಡು ಹಲಗೆಗಳನ್ನು ಮಾರಬೇಡಿ, ಉರಿಸಬೇಡಿ, ಅಟ್ಟದಲ್ಲೋ ಶೆಡ್ಡಿನಲ್ಲೋ ಮಲಗಿಸಿಡಿ. ಅದೇ ಮರ, ಅದೇ ದಪ್ಪ ಆಮೇಲೆ ಸಾಮಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.